ಮಾತ್ರೆಯ ಜೊತೆಗೆ ಪಡಿತರ

ಭಾರತದ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಕ್ಷಯರೋಗದ ಪತ್ತೆಗಾಗಲಿ ಔಷಧಕ್ಕಾಗಲಿ ರೋಗಿಯು ಹಣ ತೆರಬೇಕಾಗಿಲ್ಲ. ಕಫದ ಪರೀಕ್ಷೆಯಲ್ಲಿ ಕಾಯಿಲೆ ಖಚಿತವಾದ ಮೇಲೆ ರೋಗಿಯ ತೂಕವನ್ನು ನೋಡಿ, ಆ ತೂಕಕ್ಕೆ ಹೊಂದುವಷ್ಟು ಮಾತ್ರೆಗಳನ್ನು ಸಾಮಾನ್ಯವಾಗಿ ಆರು ತಿಂಗಳ ಕಾಲ ಪ್ರತಿದಿನ ನುಂಗಲು ಕೊಡಲಾಗುತ್ತದೆ. ಹಾಲು, ಮೊಟ್ಟೆ, ಬೇಳೆಕಾಳುಗಳನ್ನು ಚೆನ್ನಾಗಿ ತಿನ್ನಬೇಕು, ಕೆಲವು ವಾರ ವಿಶ್ರಾಂತಿ ಪಡೆಯಬೇಕು ಎಂಬ ಸಲಹೆಯೂ ಅದರೊಡನೆ ಸಿಗುತ್ತದೆ. ವೈದ್ಯಶಾಸ್ತ್ರದ ದೃಷ್ಟಿಯಿಂದ ಆ ಸಲಹೆ ಸರಿಯಾದುದೇ. ಆದರೆ ತಿಂಗಳುಗಟ್ಟಲೆ ಕೆಮ್ಮಿ, ಜ್ವರದಿಂದ ಬಳಲಿ, ಕೂಲಿಗೆ ಹೋಗಲಾರದೆ ಸಾಲ ಮಾಡಿಕೊಂಡು ಆಸ್ಪತ್ರೆಗೆ ಬಂದವರ ಮನೆಯಲ್ಲಿ ಹಾಲು, ಮೊಟ್ಟೆ ಹೋಗಲಿ, ಎರಡು ಹೊತ್ತಿನ ಗಂಜಿಗೂ ಕಷ್ಟವಿರುತ್ತದೆ ಎಂಬುದು ಸಲಹೆ ಕೊಡುವವರಿಗೂ ಕೇಳುವವರಿಗೂ ಗೊತ್ತಿರುವ ಸಂಗತಿ. ಆ ಕೊರತೆಯನ್ನು ತುಂಬಬಲ್ಲ ಪಡಿತರ, ನಗದು ನೆರವು, ಪಿಂಚಣಿ, ಕಾಯಿಲೆಯ ಕಾಲದ ವೇತನ ಮೊದಲಾದ ವ್ಯವಸ್ಥೆಗಳು ದೇಶದಲ್ಲಿ ಇಲ್ಲವೆಂದಲ್ಲ. ಅವು ಬೇರೆ ಬೇರೆ ಇಲಾಖೆಗಳ ಕೈಯಲ್ಲಿವೆ, ರೋಗಿಯಾದರೋ ಆರೋಗ್ಯ ಇಲಾಖೆಯ ದಾಖಲೆಯಲ್ಲಿದ್ದಾನೆ. ಈ ಎರಡನ್ನೂ ಜೋಡಿಸುವ ಕೆಲಸ ಕ್ಷಯದ ಚಿಕಿತ್ಸೆಯದೇ ಒಂದು ಅಂಗವೆಂದು ಪರಿಗಣಿಸಲು ಈಗ ಬಲವಾದ ಪುರಾವೆಯಿದೆ, ಆ ಪುರಾವೆಯನ್ನು ಒದಗಿಸಿದವರಲ್ಲಿ ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಸಂಶೋಧಕರು ಮುಖ್ಯರು.

ಕ್ಷಯದ ರೋಗಾಣು ದೇಹವನ್ನು ಹೊಕ್ಕ ಮಾತ್ರಕ್ಕೆ ಎಲ್ಲರೂ ರೋಗಿಗಳಾಗುವುದಿಲ್ಲ. ಸೋಂಕು ತಗುಲಿದ ನೂರು ಜನರಲ್ಲಿ ಐದರಿಂದ ಹತ್ತು ಮಂದಿಗಷ್ಟೇ ಜೀವಮಾನದಲ್ಲಿ ಎಂದಾದರೂ ಕಾಯಿಲೆ ಕಾಣಿಸಿಕೊಳ್ಳುತ್ತದೆ. ಉಳಿದವರಲ್ಲಿ ದೇಹದ ರಕ್ಷಣಾ ಕಣಗಳು ರೋಗಾಣುಗಳನ್ನು ಸುತ್ತುವರಿದು ಅದುಮಿಟ್ಟಿರುತ್ತವೆ. ಆ ಹಿಡಿತವನ್ನು ಸಡಿಲಿಸುವ ಕಾರಣಗಳಲ್ಲಿ ಎಚ್‌ಐವಿ, ಸಕ್ಕರೆ ಕಾಯಿಲೆ, ತಂಬಾಕು, ಮದ್ಯ ಇವೆಲ್ಲ ಸೇರಿದ್ದರೂ ಭಾರತದ ಮಟ್ಟಿಗೆ ಅಪೌಷ್ಟಿಕತೆಯ ಪಾಲು ಬಹಳ ದೊಡ್ಡದು. ಪೋಷಣೆಯನ್ನು ಅಳೆಯಲು ಬಳಸುವ ದೇಹತೂಕ ಸೂಚ್ಯಂಕವೆಂದರೆ ಕಿಲೋಗ್ರಾಂ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದ ವರ್ಗದಿಂದ ಭಾಗಿಸಿದಾಗ ದೊರೆಯುವ ಸಂಖ್ಯೆ, ಅದು 18.5ಕ್ಕಿಂತ ಕಡಿಮೆಯಾದರೆ ಅಪೌಷ್ಟಿಕತೆಯೆಂದೂ 16ಕ್ಕಿಂತ ಕಡಿಮೆಯಾದರೆ ತೀವ್ರ ಅಪೌಷ್ಟಿಕತೆಯೆಂದೂ ಹೇಳುತ್ತಾರೆ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಈ ಸೂಚ್ಯಂಕ ಒಂದೊಂದು ಅಂಕ ಏರಿದಂತೆ ಕ್ಷಯ ಬರುವ ಸಂಭವ ಸುಮಾರು ಶೇಕಡಾ 14ರಷ್ಟು ತಗ್ಗುತ್ತದೆಂದು ಕಂಡುಬಂದಿದೆ. ಹಸಿದ ದೇಹದಲ್ಲಿ ಕ್ಷಯ ಬೇಗ ತಲೆಯೆತ್ತುತ್ತದೆ, ತಲೆಯೆತ್ತಿದ ಕ್ಷಯ ಹಸಿವನ್ನೇ ಕೊಂದು ಮೈಯ ಮಾಂಸಖಂಡವನ್ನು ಕರಗಿಸುತ್ತದೆ, ಮೈ ಸೋತಾಗ ದುಡಿಮೆ ನಿಂತು ಇಡೀ ಮನೆಯ ಊಟ ಇನ್ನಷ್ಟು ತೆಳುವಾಗುತ್ತದೆ. ಛತ್ತೀಸಗಢದ ಬಿಲಾಸಪುರ ಜಿಲ್ಲೆಯ ಗನಿಯಾರಿಯಲ್ಲಿ ಜನ ಸ್ವಾಸ್ಥ್ಯ ಸಹಯೋಗ ಎಂಬ ಸಂಸ್ಥೆ ನಡೆಸುವ ಆಸ್ಪತ್ರೆಗೆ ಬಂದ ವಯಸ್ಕ ಕ್ಷಯರೋಗಿಗಳ ತೂಕವನ್ನು ಕುರಿತು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಗಂಡಸರ ಮಧ್ಯಾಂಕ ತೂಕ ಸುಮಾರು 42 ಕಿಲೋ, ಹೆಂಗಸರದು ಸುಮಾರು 34 ಕಿಲೋ ಇತ್ತು. ಮಧ್ಯಾಂಕವೆಂದರೆ ಅರ್ಧದಷ್ಟು ಜನ ಅದಕ್ಕಿಂತಲೂ ಕೆಳಗಿದ್ದರು ಎಂದರ್ಥ.

ಇಷ್ಟು ಸ್ಪಷ್ಟವಾದ ನಂಟು ಚಿಕಿತ್ಸೆಯ ಕಾರ್ಯಕ್ರಮದಿಂದ ದಶಕಗಳ ಕಾಲ ಹೇಗೆ ಹೊರಗುಳಿಯಿತು ಎಂಬ ಪ್ರಶ್ನೆಗೆ ಉತ್ತರ ಒಂದು ದೊಡ್ಡ ಯಶಸ್ಸಿನಲ್ಲಿಯೇ ಇದೆ. ಪರಿಣಾಮಕಾರಿ ಔಷಧಗಳು ಬರುವ ಮೊದಲು ಕ್ಷಯಕ್ಕೆ ಇದ್ದ ಉಪಚಾರವೆಂದರೆ ಒಳ್ಳೆಯ ಗಾಳಿ, ವಿಶ್ರಾಂತಿ ಮತ್ತು ಪುಷ್ಟಿಯಾದ ಆಹಾರ. ಅದಕ್ಕಾಗಿ ಊರಿನಿಂದ ದೂರದಲ್ಲಿ ಸ್ಯಾನಟೋರಿಯಂಗಳನ್ನು, ಅಂದರೆ ಕ್ಷಯರೋಗಿಗಳು ತಿಂಗಳುಗಟ್ಟಲೆ ತಂಗುವ ಆಸ್ಪತ್ರೆಗಳನ್ನು ಕಟ್ಟಲಾಗಿತ್ತು. ಇಂಗ್ಲೆಂಡಿನ ಕೇಂಬ್ರಿಜ್ ಬಳಿಯ ಪ್ಯಾಪ್‌ವರ್ತ್‌ನಲ್ಲಿ ಪೆಂಡ್ರಿಲ್ ವೇರಿಯರ್-ಜೋನ್ಸ್ ಎಂಬ ವೈದ್ಯರು 1918ರಿಂದ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ರೋಗಿಗೂ ಅವನ ಕುಟುಂಬಕ್ಕೂ ಮನೆ, ಮೈಗೆ ಒಗ್ಗುವ ಕೆಲಸ, ಕೂಲಿ ಇವೆಲ್ಲವನ್ನೂ ಒಂದೇ ಕಡೆ ಒದಗಿಸುವ ಊರನ್ನೇ ಕಟ್ಟಿದರು. ಅಲ್ಲಿ ರೋಗಿಗಳ ಜೊತೆಯಲ್ಲೇ ಬೆಳೆದ ಮಕ್ಕಳಿಗೆ ಸೋಂಕು ತಗುಲಿದರೂ ಕಾಯಿಲೆ ಬಂದದ್ದು ಅಪರೂಪವಾಗಿತ್ತು. ಆದರೆ ಭಾರತದಂತಹ ದೇಶದಲ್ಲಿ ಲಕ್ಷಾಂತರ ರೋಗಿಗಳಿಗೆ ಹಾಸಿಗೆ ಒದಗಿಸುವುದು ಅಸಾಧ್ಯವಾಗಿದ್ದ ಕಾಲದಲ್ಲಿ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಮದರಾಸು ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಸೇರಿ 1956ರಲ್ಲಿ ಮದರಾಸಿನಲ್ಲಿ ಒಂದು ಪ್ರಯೋಗವನ್ನು ಆರಂಭಿಸಿದವು. ಬಡ ರೋಗಿಗಳಲ್ಲಿ ಒಂದು ಗುಂಪನ್ನು ಸ್ಯಾನಟೋರಿಯಂನಲ್ಲಿಟ್ಟು, ಇನ್ನೊಂದು ಗುಂಪನ್ನು ಅವರವರ ಇಕ್ಕಟ್ಟಾದ ಮನೆಗಳಲ್ಲೇ ಉಳಿಸಿ, ಎರಡಕ್ಕೂ ಒಂದು ವರ್ಷ ಒಂದೇ ಔಷಧಗಳನ್ನು ಕೊಟ್ಟು ನೋಡಿದಾಗ, ಕಫದಿಂದ ರೋಗಾಣು ಮರೆಯಾಗುವ ವಿಷಯದಲ್ಲಿ ಮನೆಯವರ ಫಲಿತಾಂಶ ಹೆಚ್ಚುಕಡಿಮೆ ಆಸ್ಪತ್ರೆಯವರಷ್ಟೇ ಚೆನ್ನಾಗಿತ್ತು. 1959ರಲ್ಲಿ ಪ್ರಕಟವಾದ ಈ ಫಲಿತಾಂಶ ಜಗತ್ತಿನ ಕ್ಷಯ ಚಿಕಿತ್ಸೆಯ ದಾರಿಯನ್ನೇ ಬದಲಿಸಿತು. ಅದು ಬಡವರಿಗೆ ಆದ ದೊಡ್ಡ ಉಪಕಾರ, ಅದರಲ್ಲಿ ಸಂಶಯವಿಲ್ಲ. ಆದರೆ ಮನೆಯಲ್ಲಿದ್ದವರ ಊಟ ಕಳಪೆಯಾಗಿದ್ದು ಅವರ ತೂಕ ಆಸ್ಪತ್ರೆಯವರಷ್ಟು ಏರಲಿಲ್ಲವೆಂಬ ಅಂಶ ಹಿಂದೆ ಸರಿದು, ಔಷಧ ಸರಿಯಾಗಿ ಕೊಟ್ಟರೆ ಆಹಾರ ಮುಖ್ಯವಲ್ಲ ಎಂಬ ತೀರ್ಮಾನವಷ್ಟೇ ಕಾರ್ಯಕ್ರಮದೊಳಗೆ ನೆಲೆಯೂರಿತು. ಕಫದಲ್ಲಿ ರೋಗಾಣು ಇಲ್ಲವಾಗುವುದು ಗುಣದ ಒಂದು ಅಳತೆ. ರೋಗಿ ಬದುಕುಳಿಯುವುದು, ಮತ್ತೆ ದುಡಿಯುವಷ್ಟು ಶಕ್ತನಾಗುವುದು, ಅವನ ಮನೆಯವರಿಗೆ ರೋಗ ಬಾರದಿರುವುದು ಬೇರೆ ಅಳತೆಗಳು, ಅವುಗಳನ್ನು ಆ ಪ್ರಯೋಗ ಒಂದೇ ತೂಕದಲ್ಲಿ ಇಟ್ಟು ನೋಡಿರಲಿಲ್ಲ.

ಇದೇ ಕಾಲದಲ್ಲಿ ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯಿಂದ ಬಂದ ಇನ್ನೊಂದು ಅಧ್ಯಯನ ಇಂದಿಗೂ ಓದತಕ್ಕದ್ದು. 1959ರಲ್ಲಿ ಸ್ಥಾಪನೆಯಾದ ಈ ಸಂಸ್ಥೆಯ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಅವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕ್ಷಯದ ಲಕ್ಷಣಗಳಿದ್ದವರನ್ನು ಮಾತನಾಡಿಸಿ 1963ರಲ್ಲಿ ಪ್ರಕಟಿಸಿದ ಬರಹದಂತೆ, ಹಳ್ಳಿಯ ಜನರಿಗೆ ತಮ್ಮ ಕಾಯಿಲೆಯ ಅರಿವಿತ್ತು, ಅವರಲ್ಲಿ ಅರ್ಧದಷ್ಟು ಮಂದಿ ಆಗಲೇ ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದರು, ಹತ್ತಿದವರು ಬರಿಯ ಕೆಮ್ಮಿನ ಔಷಧಿ ಪಡೆದು ಹಿಂದಿರುಗಿದ್ದರು. ಜನ ಅಜ್ಞಾನದಿಂದ ಆಸ್ಪತ್ರೆಗೆ ಬರುವುದಿಲ್ಲವೆಂಬ ನಂಬಿಕೆಯನ್ನು ಆ ಅಧ್ಯಯನ ತಲೆಕೆಳಗು ಮಾಡಿತು. ಇಂದು ಪರೀಕ್ಷೆ ಮತ್ತು ಔಷಧದ ವಿಷಯದಲ್ಲಿ ಪರಿಸ್ಥಿತಿ ಬಹಳ ಸುಧಾರಿಸಿದೆ; ಆದರೆ ಅಗತ್ಯವನ್ನು ಹೊತ್ತು ತಾವಾಗಿಯೇ ಬಂದವರಿಗೆ ಎದುರಿನ ವ್ಯವಸ್ಥೆ ಏನನ್ನು ಕೊಟ್ಟು ಕಳಿಸುತ್ತದೆ ಎಂಬ ಆ ಪ್ರಶ್ನೆಯನ್ನು ಆಹಾರದ ವಿಷಯದಲ್ಲಿ ಈಗಲೂ ಕೇಳಬೇಕಾಗಿದೆ.

ಆ ಪ್ರಶ್ನೆಯನ್ನು ಪ್ರಯೋಗದ ಮೂಲಕ ಕೇಳಿದವರು ಹಿಂದೆ ಗನಿಯಾರಿಯಲ್ಲಿ ಕೆಲಸ ಮಾಡಿ ಆಮೇಲೆ ಮಂಗಳೂರಿಗೆ ಬಂದ ವೈದ್ಯರಾದ ಅನುರಾಗ್ ಭಾರ್ಗವ ಮತ್ತು ಮಾಧವಿ ಭಾರ್ಗವ. ರೇಷನ್ಸ್ ಎಂಬ ಹೆಸರಿನ ಅವರ ಪ್ರಯೋಗ 2019ರ ಆಗಸ್ಟ್‌ನಿಂದ 2022ರ ಆಗಸ್ಟ್‌ವರೆಗೆ, ಕೋವಿಡ್‌ನ ಕಷ್ಟದ ವರ್ಷಗಳನ್ನು ದಾಟಿಕೊಂಡು, ಜಾರ್ಖಂಡ್‌ನ ನಾಲ್ಕು ಜಿಲ್ಲೆಗಳಲ್ಲಿ ನಡೆಯಿತು. ಅದರಲ್ಲಿ 2,800 ಕ್ಷಯರೋಗಿಗಳೂ ಅವರ ಮನೆಗಳ 10,345 ಮಂದಿ ಸದಸ್ಯರೂ ಸೇರಿದ್ದರು. ಚಿಕಿತ್ಸೆ ಪಡೆಯುವ ಪ್ರತಿಯೊಬ್ಬ ರೋಗಿಗೂ ದಿನಕ್ಕೆ ಸುಮಾರು 1,200 ಕಿಲೋಕ್ಯಾಲೊರಿ ಶಕ್ತಿ ಮತ್ತು 52 ಗ್ರಾಂ ಪ್ರೋಟೀನ್ ಸಿಗುವಂತೆ ಅಕ್ಕಿ, ಹುರಿಗಡಲೆ ಹಿಟ್ಟು, ಹಾಲಿನ ಪುಡಿ, ಎಣ್ಣೆ ಸೇರಿದ ತಿಂಗಳ ಚೀಲವನ್ನು ಕೊಡಲಾಯಿತು. ಅರ್ಧದಷ್ಟು ಕಡೆಗಳಲ್ಲಿ ಮನೆಯ ಇತರರಿಗೂ ತಲಾ ಐದು ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ ಪ್ರತಿ ತಿಂಗಳು ಸಿಕ್ಕಿತು. ಉಳಿದ ಅರ್ಧದ ಕಡೆ ಮನೆಯವರಿಗೆ ಇಂತಹ ನೆರವು ಇರಲಿಲ್ಲ, ಹೋಲಿಕೆ ಸಾಧ್ಯವಾಗುವುದು ಹೀಗೆ. ಆಗಿನ ಬೆಲೆಯಲ್ಲಿ ರೋಗಿಯ ಚೀಲಕ್ಕೆ ತಿಂಗಳಿಗೆ ಸುಮಾರು 1,100 ರೂಪಾಯಿ, ಮನೆಯ ಒಬ್ಬ ಸದಸ್ಯರ ಪಾಲಿಗೆ ಸುಮಾರು 325 ರೂಪಾಯಿ ತಗುಲುತ್ತಿತ್ತು.

2023ರಲ್ಲಿ ಲ್ಯಾನ್ಸೆಟ್ ಪತ್ರಿಕಾ ಸಮೂಹದಲ್ಲಿ ಪ್ರಕಟವಾದ ಫಲಿತಾಂಶಗಳು ಕ್ಷಯದ ಚರ್ಚೆಯ ದಿಕ್ಕನ್ನು ಬದಲಿಸುವಂಥವು. ಆಹಾರ ಪಡೆದ ಮನೆಗಳ ಸದಸ್ಯರಲ್ಲಿ ಹೊಸದಾಗಿ ಕ್ಷಯ ಕಾಣಿಸಿಕೊಳ್ಳುವುದು ಎಲ್ಲ ಬಗೆಯ ಕ್ಷಯವನ್ನೂ ಸೇರಿಸಿದರೆ ಶೇಕಡಾ 39ರಷ್ಟು, ಪ್ರಯೋಗಾಲಯದಲ್ಲಿ ಖಚಿತಪಟ್ಟ ಶ್ವಾಸಕೋಶದ ಕ್ಷಯವನ್ನಷ್ಟೇ ಎಣಿಸಿದರೆ ಶೇಕಡಾ 48ರಷ್ಟು ಕಡಿಮೆಯಾಯಿತು. ಸುಮಾರು 30 ಮನೆಗಳಿಗೆ ಆಹಾರ ಕೊಟ್ಟರೆ ಒಂದು ಹೊಸ ಕ್ಷಯವನ್ನು ತಡೆದಂತೆ ಎಂದು ಲೆಕ್ಕ ಹಾಕಲಾಗಿದೆ. ರೋಗಿಗಳಲ್ಲಿ ಐದರಲ್ಲಿ ನಾಲ್ವರು ಚಿಕಿತ್ಸೆಯ ಆರಂಭದಲ್ಲೇ ಅಪೌಷ್ಟಿಕತೆಯಿಂದ ಬಳಲುತ್ತಿದ್ದರು, ಸುಮಾರು ಅರ್ಧದಷ್ಟು ಮಂದಿಯದು ತೀವ್ರ ಸ್ವರೂಪದ್ದು. ಮೊದಲ ಎರಡು ತಿಂಗಳಲ್ಲಿ ತಮ್ಮ ತೂಕದ ಶೇಕಡಾ 5ರಷ್ಟನ್ನು ಗಳಿಸಿಕೊಂಡವರಲ್ಲಿ ಸಾವಿನ ಸಂಭವ ಶೇಕಡಾ 61ರಷ್ಟು ಕಡಿಮೆಯಿತ್ತು. ಎಲ್ಲ ರೋಗಿಗಳಿಗೂ ಆಹಾರ ಕೊಟ್ಟಿದ್ದರಿಂದ ಈ ಕೊನೆಯ ಅಂಕಿಗೆ ಆಹಾರ ಪಡೆಯದವರ ಹೋಲಿಕೆಯಿಲ್ಲ, ಅದನ್ನು ತೂಕಕ್ಕೂ ಉಳಿವಿಗೂ ಇರುವ ಸಂಬಂಧವೆಂದಷ್ಟೇ ಓದಬೇಕು; ಆದರೂ 40 ಕಿಲೋ ತೂಗುವ ಮನುಷ್ಯನಿಗೆ ಶೇಕಡಾ 5 ಎಂದರೆ ಎರಡೇ ಕಿಲೋ ಎಂಬುದನ್ನು ನೆನೆದರೆ ಎಷ್ಟು ಸಣ್ಣ ಗಳಿಕೆಯ ಜೊತೆ ಜೀವ ತಳುಕು ಹಾಕಿಕೊಂಡಿದೆ ಎಂದು ತಿಳಿಯುತ್ತದೆ. ಮನೆಯವರಿಗೂ ಆಹಾರ ಕೊಡುವುದರಲ್ಲಿ ಇನ್ನೊಂದು ವಿವೇಕವಿದೆ. ಹಸಿದ ಮಕ್ಕಳು ಎದುರಿಗಿರುವಾಗ ಯಾವ ತಾಯಿಯೂ ತನ್ನ ಪಾಲಿಗೆಂದು ಬಂದ ಹಾಲಿನ ಪುಡಿಯನ್ನು ತಾನೊಬ್ಬಳೇ ಕುಡಿಯಲಾರಳು.

ಕೇಂದ್ರ ಸರ್ಕಾರ 2018ರ ಏಪ್ರಿಲ್‌ನಿಂದ ನಿಕ್ಷಯ್ ಪೋಷಣ್ ಯೋಜನೆಯಡಿ ಪ್ರತಿ ರೋಗಿಗೆ ಚಿಕಿತ್ಸೆಯ ಅವಧಿಯುದ್ದಕ್ಕೂ ತಿಂಗಳಿಗೆ 500 ರೂಪಾಯಿ ಕೊಡುತ್ತಿತ್ತು, 2024ರ ನವೆಂಬರ್‌ನಿಂದ ಅದನ್ನು 1,000 ರೂಪಾಯಿಗೆ ಏರಿಸಿ, ಮೊದಲ ಕಂತಾಗಿ 3,000 ರೂಪಾಯಿಯನ್ನು ರೋಗ ಪತ್ತೆಯಾದೊಡನೆ ಮುಂಗಡವಾಗಿ ಕೊಡುವ ಏರ್ಪಾಡು ಮಾಡಿದೆ. ಮೊದಲ ಎರಡು ತಿಂಗಳೇ ನಿರ್ಣಾಯಕವಾದ್ದರಿಂದ ಹಣದ ಮೊತ್ತ ಹೆಚ್ಚಿದ್ದಷ್ಟೇ ಮಹತ್ವದ್ದು ಅದು ಮೊದಲೇ ಬರಬೇಕೆಂಬ ಈ ನಿರ್ಧಾರ. 2022ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ನಿಕ್ಷಯ್ ಮಿತ್ರ ವ್ಯವಸ್ಥೆಯಲ್ಲಿ ವ್ಯಕ್ತಿಗಳೂ ಸಂಘ ಸಂಸ್ಥೆಗಳೂ ರೋಗಿಗಳಿಗೆ ಆಹಾರದ ಕಿಟ್ ಕೊಡಲು ಮುಂದೆ ಬರಬಹುದು, ಈಗ ಮನೆಯವರನ್ನೂ ಅದರ ವ್ಯಾಪ್ತಿಗೆ ತರಲಾಗಿದೆ. ಆದರೆ ಹಣ ನೇರವಾಗಿ ಖಾತೆಗೆ ಸೇರುವ ಪದ್ಧತಿಯಲ್ಲಿ ಖಾತೆಯೇ ಮೊದಲ ತೊಡಕು: ಖಾತೆ ಇಲ್ಲದವರು, ಖಾತೆ ಇದ್ದರೂ ಅದು ವ್ಯವಹಾರವಿಲ್ಲದೆ ಸ್ಥಗಿತಗೊಂಡಿರುವವರು, ಆಧಾರ್‌ನಲ್ಲಿ ಒಂದು ಹೆಸರು ಪಾಸ್‌ಬುಕ್‌ನಲ್ಲಿ ಇನ್ನೊಂದು ಹೆಸರು ಇರುವವರು, ಊರಿನ ಖಾತೆಯನ್ನು ಊರಲ್ಲೇ ಬಿಟ್ಟು ನಗರದ ಕಟ್ಟಡದ ಕೆಲಸಕ್ಕೆ ಬಂದವರು. ಇಂತಹವರೇ ಹೆಚ್ಚು ಬಡವರೂ ಆಗಿರುವುದರಿಂದ ನೆರವು ಯಾರಿಗೆ ತುರ್ತಾಗಿ ಬೇಕೋ ಅವರಿಗೇ ತಡವಾಗಿ ತಲುಪುವ ಅಪಾಯವಿದೆ. ಕುಟುಂಬದವರ ಖಾತೆಗೆ ಹಣ ಹಾಕಲು ಅವಕಾಶವಿದೆ, ಆದರೆ ಆ ಅವಕಾಶವಿದೆಯೆಂದು ರೋಗಿಗೆ ಹೇಳಿ, ಅರ್ಜಿ ತುಂಬಿಸಿ, ಹಣ ಬಂದಿತೇ ಎಂದು ವಿಚಾರಿಸುವವರು ಬೇಕು.

ಕ್ಷಯಕ್ಕೆಂದೇ ಇರುವ ಯೋಜನೆಗಳ ಆಚೆಗೆ ರೋಗಿಗೆ ಹಕ್ಕಾಗಿ ಸಲ್ಲಬೇಕಾದದ್ದು ಇನ್ನೂ ಬಹಳವಿದೆ, ಇವುಗಳ ಅರಿವು ಆಸ್ಪತ್ರೆಯ ಒಳಗೆ ಕಡಿಮೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯಂತೆ ಆದ್ಯತಾ ಕುಟುಂಬದ ಪ್ರತಿ ಸದಸ್ಯರಿಗೂ ತಿಂಗಳಿಗೆ ಐದು ಕಿಲೋ ಧಾನ್ಯ, ಅತ್ಯಂತ ಬಡವರಾದ ಅಂತ್ಯೋದಯ ಕುಟುಂಬಕ್ಕೆ 35 ಕಿಲೋ ಧಾನ್ಯ ಸಲ್ಲುತ್ತದೆ. ಕರ್ನಾಟಕದಲ್ಲಿ ಅನ್ನಭಾಗ್ಯದ ಮೂಲಕ ರಾಜ್ಯ ಸರ್ಕಾರವೂ ಇದಕ್ಕೆ ಕೈಜೋಡಿಸಿದೆ. ಮದುವೆಯಾಗಿ ಬಂದ ಸೊಸೆಯ ಹೆಸರು, ಹೊಸದಾಗಿ ಹುಟ್ಟಿದ ಮಗುವಿನ ಹೆಸರು ಪಡಿತರ ಚೀಟಿಗೆ ಸೇರದೆ ಉಳಿದಿರುವ ಮನೆಯಲ್ಲಿ ಅದನ್ನು ಸೇರಿಸುವುದೇ ಒಂದು ಚಿಕಿತ್ಸಾ ಕ್ರಮವಾಗುತ್ತದೆ. ವಲಸೆ ಕಾರ್ಮಿಕರು ತಮ್ಮ ಊರಿನ ಚೀಟಿಯ ಮೇಲೆಯೇ ದೇಶದ ಬೇರೆ ಕಡೆಯ ನ್ಯಾಯಬೆಲೆ ಅಂಗಡಿಯಲ್ಲಿ ಧಾನ್ಯ ಪಡೆಯಲು ಈಗ ಅವಕಾಶವಿರುವುದು ಬೆಂಗಳೂರಿನ ಶೆಡ್ಡುಗಳಲ್ಲಿ ಬದುಕುವ ಕಲಬುರಗಿ, ರಾಯಚೂರು ಕಡೆಯವರಿಗೂ ಹೊರರಾಜ್ಯದವರಿಗೂ ಬಹಳ ಮುಖ್ಯ. ಕಾರ್ಖಾನೆಯಲ್ಲಿ ದುಡಿಯುತ್ತ ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆಯ ವ್ಯಾಪ್ತಿಯಲ್ಲಿರುವ ಕಾರ್ಮಿಕನಿಗೆ ಕ್ಷಯ ಬಂದರೆ, ವಂತಿಗೆ ಮತ್ತು ಸೇವಾವಧಿಯ ಶರತ್ತುಗಳು ಪೂರೈಸಿದಲ್ಲಿ, ಸಾಮಾನ್ಯ ಕಾಯಿಲೆಗೆ ಸಿಗುವ 91 ದಿನಗಳ ಭತ್ಯೆ ಮುಗಿದ ಮೇಲೂ ವೇತನದ ಶೇಕಡಾ 80ರಷ್ಟನ್ನು ಪಡೆಯುವ ವಿಸ್ತರಿತ ಸೌಲಭ್ಯವಿದೆ. ದೀರ್ಘಕಾಲೀನ ಕಾಯಿಲೆಗಳ ಆ ಪಟ್ಟಿಯಲ್ಲಿ ಕ್ಷಯವೂ ಸೇರಿದೆ. ವೃದ್ಧಾಪ್ಯ ವೇತನ, ವಿಧವಾ ವೇತನ, ಅಂಗವಿಕಲ ವೇತನ, ದುಡಿಯುವ ಯಜಮಾನ ತೀರಿಕೊಂಡ ಬಡ ಕುಟುಂಬಕ್ಕೆ ಕೊಡುವ 20,000 ರೂಪಾಯಿಯ ರಾಷ್ಟ್ರೀಯ ಕುಟುಂಬ ನೆರವು, ಇವೆಲ್ಲವೂ ಇವೆ. ಇವುಗಳಿಗೆ ಬೇಕಾದ ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿ, ಚೀಟಿಗೆ ಆಹಾರ ಇಲಾಖೆ, ಭತ್ಯೆಗೆ ಇಎಸ್‌ಐ ಕಚೇರಿ, ಖಾತೆಗೆ ಬ್ಯಾಂಕು ಎಂದು ಅಲೆಯುವುದು ಆರೋಗ್ಯವಂತನಿಗೇ ಕಷ್ಟವಾದರೆ, ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬಿಡುವವನಿಗೆ ಅದು ಸಾಧ್ಯವೇ ಆಗದು.

ಈ ಅಲೆದಾಟವನ್ನು ರೋಗಿಯ ಪರವಾಗಿ ಮಾಡುವ ವೃತ್ತಿಯೊಂದು ಬೇಕೆಂಬ ಅರಿವು ನೂರು ವರ್ಷಕ್ಕೂ ಹಳೆಯದು. ಅಮೆರಿಕದ ಬಾಸ್ಟನ್ ನಗರದ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ರಿಚರ್ಡ್ ಕ್ಯಾಬಟ್ ಎಂಬ ವೈದ್ಯರು 1905ರಲ್ಲಿ ವೈದ್ಯಕೀಯ ಸಾಮಾಜಿಕ ಕಾರ್ಯಕರ್ತರನ್ನು ನೇಮಿಸಿಕೊಂಡರು. ರೋಗಿಯ ಮನೆಯನ್ನೂ ದುಡಿಮೆಯನ್ನೂ ಅರಿಯದೆ ಬರೆದ ಔಷಧಚೀಟಿ ವ್ಯರ್ಥವಾಗುತ್ತದೆಂಬುದು ಅವರ ನಿಲುವಾಗಿತ್ತು, ಆ ವಿಭಾಗ ಮೊದಲಿಗೆ ಕೈಗೆತ್ತಿಕೊಂಡ ಕೆಲಸಗಳಲ್ಲಿ ಕ್ಷಯರೋಗಿಗಳ ಆರೈಕೆಯೂ ಒಂದು. 1960ರ ದಶಕದಲ್ಲಿ ಮಿಸಿಸಿಪಿಯ ಮೌಂಡ್ ಬಯೂ ಎಂಬ ಊರಿನಲ್ಲಿ ಕಪ್ಪು ಜನರಿಗಾಗಿ ಆರೋಗ್ಯ ಕೇಂದ್ರವನ್ನು ಕಟ್ಟಿದ ಜ್ಯಾಕ್ ಗೈಗರ್ ಎಂಬ ವೈದ್ಯರು ಹಸಿದ ಮಕ್ಕಳಿಗೆ ಔಷಧಚೀಟಿಯಲ್ಲಿ ಆಹಾರವನ್ನೇ ಬರೆದುಕೊಟ್ಟು, ಊರ ದಿನಸಿ ಅಂಗಡಿಗಳಿಂದ ಅದನ್ನು ಕೊಡಿಸಿ, ಖರ್ಚನ್ನು ಕೇಂದ್ರದ ಔಷಧಾಲಯದ ಲೆಕ್ಕಕ್ಕೆ ಬರೆಸಿದರು. ಹಣ ಕೊಟ್ಟ ಅಧಿಕಾರಿಗಳು ಆಕ್ಷೇಪಿಸಿದಾಗ, ವೈದ್ಯಕೀಯ ಗ್ರಂಥಗಳ ಪ್ರಕಾರ ಅಪೌಷ್ಟಿಕತೆಗೆ ಇರುವ ನಿರ್ದಿಷ್ಟ ಚಿಕಿತ್ಸೆ ಆಹಾರವೇ ಎಂದು ಅವರು ಉತ್ತರಿಸಿದರೆಂಬುದು ಸಾರ್ವಜನಿಕ ಆರೋಗ್ಯದ ಇತಿಹಾಸದಲ್ಲಿ ಮತ್ತೆ ಮತ್ತೆ ನೆನೆಯುವ ಮಾತು.

ಜೋಡಿಸುವವರನ್ನು ನೇಮಿಸಿದರೆ ಸಾಕೇ ಎಂದರೆ ಅದೂ ಸಾಲದು. ಅಮೆರಿಕದ ಕೇಂದ್ರ ಸರ್ಕಾರ 2017ರಿಂದ 2022ರವರೆಗೆ ನಡೆಸಿದ ಒಂದು ದೊಡ್ಡ ಕಾರ್ಯಕ್ರಮದಲ್ಲಿ ಆಸ್ಪತ್ರೆಗೆ ಬಂದವರನ್ನು ಮನೆ, ಆಹಾರ, ಪ್ರಯಾಣ, ವಿದ್ಯುತ್ತು ಮತ್ತು ನೀರು, ಮನೆಯೊಳಗಿನ ಸುರಕ್ಷತೆ ಎಂಬ ಐದು ಅಗತ್ಯಗಳ ಬಗ್ಗೆ ವಿಚಾರಿಸಿ, ಕೊರತೆಯಿದ್ದವರಿಗೆ ದಾರಿ ತೋರುವ ಸಹಾಯಕರನ್ನು ಕೊಡಲಾಯಿತು. ರೋಗಿಗಳು ಆ ಸಹಾಯವನ್ನು ಸಂತೋಷದಿಂದ ಒಪ್ಪಿಕೊಂಡರೂ, ಊರಿನಲ್ಲಿ ಬಾಡಿಗೆಗೆ ನಿಲುಕುವ ಮನೆಗಳೇ ಇಲ್ಲದಿದ್ದಲ್ಲಿ, ಸೇವೆಗಳ ಸರತಿ ಸಾಲು ಉದ್ದವಿದ್ದಲ್ಲಿ ಬರಿಯ ದಾರಿ ತೋರುವುದರಿಂದ ಅಗತ್ಯ ತೀರಲಿಲ್ಲವೆಂದು ಮೌಲ್ಯಮಾಪನ ಹೇಳಿತು. ಭಾರತದ ಕ್ಷಯರೋಗಿಯ ಸ್ಥಿತಿ ಈ ಒಂದು ವಿಷಯದಲ್ಲಿ ಮೇಲು, ಏಕೆಂದರೆ ನ್ಯಾಯಬೆಲೆ ಅಂಗಡಿ ಬಹುತೇಕ ಎಲ್ಲ ಹಳ್ಳಿಗಳ ಹತ್ತಿರ ಇದೆ, ಅಂಗನವಾಡಿ ಇದೆ, ಆಶಾ ಕಾರ್ಯಕರ್ತೆ ಇದ್ದಾಳೆ. ಆದರೆ ನ್ಯಾಯಬೆಲೆ ಅಂಗಡಿ ಮುಖ್ಯವಾಗಿ ಕೊಡುವುದು ಧಾನ್ಯವನ್ನು. ಕರಗಿದ ಮಾಂಸಖಂಡ ಮತ್ತೆ ತುಂಬಲು ಬೇಕಾದ ಬೇಳೆ, ಎಣ್ಣೆ, ಹಾಲು ಅಲ್ಲಿ ಸಿಗದಿದ್ದಾಗ ಅದಕ್ಕೆ ನಗದನ್ನೋ ಕಿಟ್ಟನ್ನೋ ಕಾಯಬೇಕಾಗುತ್ತದೆ. ಈಗಾಗಲೇ ಹತ್ತಾರು ಕೆಲಸಗಳನ್ನು ಹೊತ್ತಿರುವ ಆಶಾ ಕಾರ್ಯಕರ್ತೆಯ ಮೇಲೆ ತಕ್ಕ ಸಂಭಾವನೆಯಿಲ್ಲದೆ ಈ ಓಡಾಟವನ್ನೂ ಹೊರಿಸುವುದು ನ್ಯಾಯವಲ್ಲ. ಚಿಕಿತ್ಸೆಯನ್ನು ಮುಗಿಸುವವರೆಗೆ ರೋಗಿಯ ಜೊತೆಗಿರುವುದಕ್ಕೆ ಗೌರವಧನ ಇರುವಂತೆ, ಪಡಿತರ ಚೀಟಿ ಕೈಸೇರಿದ್ದಕ್ಕೂ ಭತ್ಯೆ ಜಮೆಯಾದದ್ದಕ್ಕೂ ಗೌರವಧನ ಇರಬೇಕಾದದ್ದು ಸಹಜ.

ತಮಿಳುನಾಡು 2022ರಲ್ಲಿ ಆರಂಭಿಸಿದ ಕ್ಷಯ ಸಾವು ತಡೆಯುವ ಕಾರ್ಯಕ್ರಮದಿಂದ ಇಲ್ಲಿ ಕಲಿಯತಕ್ಕದ್ದಿದೆ. ರೋಗ ಪತ್ತೆಯಾದೊಡನೆ ತೂಕ ಮತ್ತು ಎತ್ತರ, ಉಸಿರಾಟ, ಆಸರೆಯಿಲ್ಲದೆ ನಿಲ್ಲುವ ಶಕ್ತಿ ಇಂತಹ ಸರಳ ಅಂಶಗಳನ್ನು ಅಲ್ಲಿನ ಸಿಬ್ಬಂದಿ ಪ್ರತಿ ರೋಗಿಯಲ್ಲೂ ನೋಡಿ, ತೀರಾ ಕ್ಷೀಣರಾದವರನ್ನು ಕೂಡಲೇ ಆಸ್ಪತ್ರೆಯಲ್ಲಿ ದಾಖಲಿಸಿ ಆಹಾರ ಸಹಿತ ಚಿಕಿತ್ಸೆ ಕೊಡುತ್ತಾರೆ. ಇದೇ ಹೊತ್ತಿನಲ್ಲಿ ಮನೆಯಲ್ಲಿ ಪಡಿತರ ಚೀಟಿ ಇದೆಯೇ, ಅದರಲ್ಲಿ ಎಲ್ಲರ ಹೆಸರಿದೆಯೇ, ಕಳೆದ ತಿಂಗಳು ಕೂಲಿ ಸಿಕ್ಕಿತೇ, ಸಾಲವಾಗಿದೆಯೇ ಎಂಬ ನಾಲ್ಕು ಮಾತುಗಳನ್ನೂ ವಿಚಾರಿಸಿ ಅದೇ ಹಾಳೆಯಲ್ಲಿ ಬರೆದಿಟ್ಟರೆ ಹೆಚ್ಚಿನ ಶ್ರಮವಿಲ್ಲ. ಆದರೆ ವಿಚಾರಿಸಿದ ಮೇಲೆ ಏನೂ ಮಾಡದೆ ಬಿಡುವುದು ರೋಗಿಯ ನಂಬಿಕೆಯನ್ನು ಕೆಡಿಸುವುದರಿಂದ, ಪ್ರತಿ ಉತ್ತರಕ್ಕೂ ಮುಂದಿನ ಹೆಜ್ಜೆ ಯಾರದು, ಎಷ್ಟು ದಿನದೊಳಗೆ ಎಂಬುದು ಮೊದಲೇ ತೀರ್ಮಾನವಾಗಿರಬೇಕು. ವಿಚಾರಿಸುವ ಬಗೆಯೂ ಮುಖ್ಯ. ಕ್ಷಯವೆಂದರೆ ನೆರೆಹೊರೆಯವರು ಇನ್ನೂ ದೂರ ಸರಿಯುವ, ಮದುವೆಗೆ ಬಂದ ಹೆಣ್ಣಿನ ಸಂಬಂಧ ಮುರಿದುಬೀಳುವ ಸಮಾಜದಲ್ಲಿ, ಆಹಾರದ ಕಿಟ್ ಕೊಡುವುದನ್ನು ಸಭೆ ಮಾಡಿ, ರೋಗಿಗಳನ್ನು ಸಾಲಾಗಿ ನಿಲ್ಲಿಸಿ, ಫೋಟೋ ತೆಗೆದು ಪ್ರಕಟಿಸುವುದು ಕ್ರೂರವಾದದ್ದು. ಆ ಚೀಲಕ್ಕಾಗಿ ತನ್ನ ಗುಟ್ಟನ್ನು ಬಿಟ್ಟುಕೊಡಲಾರದೆ ಬರದೇ ಉಳಿದವರ ಲೆಕ್ಕ ಯಾವ ವರದಿಯಲ್ಲೂ ಸಿಗುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯು ಕುಟುಂಬದ ವಾರ್ಷಿಕ ಆದಾಯದ ಶೇಕಡಾ 20ಕ್ಕಿಂತ ಹೆಚ್ಚು ಹಣ ಕ್ಷಯದ ಕಾರಣದಿಂದ ಖರ್ಚಾದರೆ ಅಥವಾ ಕೈತಪ್ಪಿದರೆ ಅದನ್ನು ಮನೆಯನ್ನೇ ಮುಳುಗಿಸುವ ವೆಚ್ಚವೆಂದು ಗುರುತಿಸುತ್ತದೆ. ಔಷಧ ಉಚಿತವಾಗಿದ್ದರೂ ಇಷ್ಟು ಹಣ ಹೋಗುವುದು ಹೇಗೆಂದರೆ, ಪತ್ತೆಯಾಗುವ ಮೊದಲು ಖಾಸಗಿ ಕ್ಲಿನಿಕ್‌ಗಳಲ್ಲಿ ಸುರಿದದ್ದು, ಬಸ್ಸಿನ ಖರ್ಚು, ಎಲ್ಲಕ್ಕಿಂತ ಮಿಗಿಲಾಗಿ ಕಳೆದುಹೋದ ಕೂಲಿ ಇವೆಲ್ಲ ಸೇರುತ್ತವೆ. ಹಲವು ದೇಶಗಳ ಸಮೀಕ್ಷೆಗಳಲ್ಲಿ ಕ್ಷಯ ಬಂದ ಮನೆಗಳ ಸುಮಾರು ಅರ್ಧದಷ್ಟು ಈ ಮಟ್ಟದ ನಷ್ಟ ಅನುಭವಿಸಿವೆ. 2020ರ ಹೊತ್ತಿಗೆ ಇಂತಹ ಒಂದು ಮನೆಯೂ ಇರಬಾರದೆಂಬ ಜಾಗತಿಕ ಗುರಿ ಈಡೇರಲಿಲ್ಲ. ಕೂಲಿಯ ನಷ್ಟವನ್ನು ತುಂಬುವ ವ್ಯವಸ್ಥೆ ಇಎಸ್‌ಐ ಇರುವ ಕಾರ್ಮಿಕರಿಗೆ ಮಾತ್ರ ಇದ್ದು, ಹೊಲದಲ್ಲಿ, ಇಟ್ಟಿಗೆ ಗೂಡಿನಲ್ಲಿ, ಮನೆಗೆಲಸದಲ್ಲಿ ದುಡಿಯುವ ಬಹುಸಂಖ್ಯಾತರಿಗೆ ಅಂತಹದ್ದಿಲ್ಲದಿರುವುದು ಇಂದಿನ ಏರ್ಪಾಡಿನಲ್ಲಿರುವ ಅತಿ ದೊಡ್ಡ ತೆರವು. ಆರು ತಿಂಗಳ ಮಾತ್ರೆ ಮುಗಿದ ದಿನವೇ ಪೋಷಣೆಯ ಹಣವೂ ನಿಲ್ಲುತ್ತದೆ. ಆದರೆ ಶ್ವಾಸಕೋಶಕ್ಕೆ ಆದ ಗಾಯದಿಂದ ಭಾರ ಹೊರಲಾಗದೆ, ಹಿಂದಿನ ಕೆಲಸಕ್ಕೆ ಮರಳಲಾಗದೆ ಉಳಿದವನು ದಾಖಲೆಯಲ್ಲಿ ಗುಣವಾದವನೆಂದು ಸೇರಿಹೋಗುತ್ತಾನೆ. ಅವನಿಗೆ ಹಗುರವಾದ ಕೆಲಸವನ್ನು ಉದ್ಯೋಗ ಖಾತರಿಯಲ್ಲಿ ಕೊಡುವ, ಅಂಗವಿಕಲ ವೇತನಕ್ಕೆ ಅರ್ಹನೇ ಎಂದು ಪರೀಕ್ಷಿಸುವ, ಕನಿಷ್ಠ ಒಂದು ವರ್ಷ ತೂಕವನ್ನು ನೋಡುತ್ತಿರುವ ಹೊಣೆ ಯಾವ ಕಚೇರಿಯದೆಂದು ಇನ್ನೂ ಗೊತ್ತುಪಡಿಸಬೇಕಾಗಿದೆ.